ಜೂನ್ ಬಿಟ್ಟು ಆಗಸ್ಟ್ ಹಿಡಿದೆ, ಶಾಲೆ ತುಂಬಿತು

ಉಡುಪಿಯ ಮಲ್ಪೆ ಮೀನುಗಾರಿಕೆ ಬಂದರಿನ ಆಸುಪಾಸಿನ ನಮ್ಮ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕೈದು ವರ್ಷದ ಹಿಂದೆ ಇದ್ದದ್ದು ಇಪ್ಪತ್ತರ ಹತ್ತಿರ ಮಕ್ಕಳು. ಈಗ ಅರುವತ್ತು ದಾಟಿದ್ದಾರೆ. "ಆಗಸ್ಟಲ್ಲಿ ಯಾರಾದ್ರೂ ದಾಖಲಾತಿ ಆಂದೋಲನ ಮಾಡ್ತಾರಾ ಟೀಚರ್?" ಎಂದವರೇ ಈಗ ಬಂದು ಹಾಜರಿ ಪುಸ್ತಕ ತಿರುವಿ ನೋಡುತ್ತಾರೆ.

ಮೊದಲು ಎಲ್ಲರಂತೆ ಮೇ ತಿಂಗಳಲ್ಲೇ ಹೊರಟಿದ್ದೆವು. ಕರಪತ್ರ, ಫ್ಲೆಕ್ಸು, ಮನೆ ಭೇಟಿ ಎಂದು ಹಳೆ ವಿದ್ಯಾರ್ಥಿ ಸಂಘದ ಹತ್ತು ಹನ್ನೆರಡು ಸಾವಿರ ಕರಗಿತು. ಬಂದದ್ದು ಎರಡೋ ಮೂರೋ ಮಕ್ಕಳು. ಊರಿನ ತುಳು, ಕೊಂಕಣಿ ಮನೆಗಳ ಗೇಟಿಗೇ ಇಂಗ್ಲಿಷ್ ಮಾಧ್ಯಮದ ಬಸ್ಸು ಬರುತ್ತದೆ. ಎಲ್‌ಕೆಜಿ ತೆರೆದೆವು. ಗೌರವ ಶಿಕ್ಷಕಿಯ ಸಂಬಳ ತಿಂಗಳಿಗೆ ಏಳು ಸಾವಿರ. ಎರಡನೇ ವರ್ಷಕ್ಕೆ ದಾನಿಗಳು ಕೈ ಎತ್ತಿದರು, ಮಕ್ಕಳೂ ಒಂದನೇ ತರಗತಿಗೆ ಬೇರೆ ಕಡೆ ಹೋದರು.

ಕೊನೆಗೆ ದಾಖಲಾತಿ ವಹಿ ಇಟ್ಟುಕೊಂಡು ಪ್ರತಿ ಮಗುವಿನ ಊರು, ಸೇರಿದ ತಿಂಗಳು ಎರಡನ್ನೂ ಪಕ್ಕಪಕ್ಕ ಬರೆದೆ. ಕೊಪ್ಪಳ, ಗದಗ, ಬಾಗಲಕೋಟೆಯ ಮಕ್ಕಳೆಲ್ಲ ತಡವಾಗಿ ಸೇರಿದವರು. ಜೂನ್ 1ರಿಂದ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಈ ಮಕ್ಕಳ ಅಪ್ಪಂದಿರು ಬೋಟಿನಲ್ಲಿ ದುಡಿಯುವ ಕಲಾಸಿಗಳು, ಆಗ ಸಂಸಾರ ಸಮೇತ ಊರಿಗೆ ಹೋಗಿರುತ್ತಾರೆ. ನಾವು ಪ್ರಾರಂಭೋತ್ಸವಕ್ಕೆ ತೋರಣ ಕಟ್ಟುವ ಹೊತ್ತಿಗೆ ಬಿಡಾರಗಳಿಗೆಲ್ಲ ಬೀಗ!

ಹಾಗಾಗಿ ಆಗಸ್ಟ್ ಎರಡನೇ ವಾರದಿಂದ ಬಿಡಾರಗಳಿಗೆ ಹೋಗತೊಡಗಿದೆ, ಅದೂ ಸಂಜೆ. ಬೆಳಿಗ್ಗೆ ತಾಯಂದಿರೆಲ್ಲ ದಕ್ಕೆಯಲ್ಲಿ, ಅಂದರೆ ಬೋಟು ನಿಲ್ಲುವ ಕಟ್ಟೆಯಲ್ಲಿ, ಮೀನು ಆರಿಸುತ್ತಿರುತ್ತಾರೆ. "ಟೀಸಿ ಊರಾಗ ಐತ್ರೀ ಅಕ್ಕಾರ" ಎಂಬುದು ಎಲ್ಲರ ಮೊದಲ ಮಾತು. ಟಿಸಿ (ವರ್ಗಾವಣೆ ಪತ್ರ) ತಡವಾಯಿತೆಂದು ಪ್ರವೇಶ ನಿಲ್ಲಿಸುವಂತಿಲ್ಲ, ಶಿಕ್ಷಣ ಹಕ್ಕಿನ ಆರ್‌ಟಿಇ ಕಾಯ್ದೆಯ 5ನೇ ಸೆಕ್ಷನ್ನೇ ಹಾಗೆ ಹೇಳುತ್ತದೆ. ಅಲ್ಲೇ ಹೆಸರು ಬರೆದುಕೊಂಡು, ಆಮೇಲೆ ಹಳೆ ಶಾಲೆಗೆ ಫೋನು ಮಾಡಿ ಎಸ್‌ಎಟಿಎಸ್ ಸಂಖ್ಯೆ, ಅಂದರೆ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರುವ ಗುರುತಿನ ಸಂಖ್ಯೆ, ತರಿಸಿದೆ. ದೇಶದ ಶಾಲೆಗಳ ಅಂಕಿಅಂಶ ಸೇರಿಸುವ ಯು-ಡೈಸ್ ಲೆಕ್ಕಕ್ಕೆ ಸೆಪ್ಟೆಂಬರ್ 30 ಗಡುವು, ಅಷ್ಟರೊಳಗೆ ಮುಗಿಸಲೇಬೇಕು.

ಮಕ್ಕಳನ್ನು ಬಿಡಾರದಿಂದ ಕರೆತರುವ ಓಮ್ನಿ ವ್ಯಾನಿನ ಬಾಡಿಗೆ ತಿಂಗಳಿಗೆ ಸುಮಾರು ಹದಿನೈದು ಸಾವಿರ. ಅರ್ಧ ಬೋಟು ಮಾಲಕರದ್ದು. ಅವರನ್ನು ಒಪ್ಪಿಸಿದ್ದು ಹೇಗೆಂದು ಇಲ್ಲಿ ಬರೆಯುವುದಿಲ್ಲ, ಬರುವ ವರ್ಷಕ್ಕೂ ಅದು ಬೇಕು.

ನಡುವೆ ಸೇರಿದ ಮಗು ಹಿಂದೆ ಬೀಳುತ್ತದೆ ಎಂದು ಸಹೋದ್ಯೋಗಿಗಳಿಗೆ ಅನುಮಾನವಿತ್ತು. ಒಂದರಿಂದ ಮೂರನೇ ತರಗತಿಯವರನ್ನು ಗುಂಪುಗಳಲ್ಲಿ ಕೂರಿಸಿ ಚಟುವಟಿಕೆಯಿಂದ ಕಲಿಸುವ ನಲಿ-ಕಲಿಯಲ್ಲಿ ಆ ತೊಂದರೆಯೇ ಇಲ್ಲ. ಕಲಿಕೆಯ ಏಣಿಯಲ್ಲಿ ಮಗು ತನ್ನ ಮೆಟ್ಟಿಲಿನಿಂದಲೇ ಹತ್ತುತ್ತದೆ. ಕಷ್ಟವಾದದ್ದು ಕನ್ನಡವೇ ಬಾರದ ಒಡಿಶಾದ ಇಬ್ಬರದ್ದು. ಇಬ್ಬರನ್ನೂ ಬೇರೆ ಬೇರೆ ಗುಂಪಿನಲ್ಲಿ, ತುಂಬ ಮಾತಾಡುವ ಹುಡುಗಿಯರ ಪಕ್ಕ ಕೂರಿಸಿದೆ. ದೀಪಾವಳಿ ಹೊತ್ತಿಗೆ ಊಟದ ಸಾಲಿನಲ್ಲಿ "ಅಕ್ಕಾರ, ಇನ್ನೊಂದ್ ಮೊಟ್ಟಿ ಕೊಡ್ರೀ" ಎಂದು ಕೇಳತೊಡಗಿದರು. ನಮ್ಮ ಮೊಗವೀರ ಹುಡುಗನ ಬಾಯಲ್ಲೂ ಈಗ ಬಾಗಲಕೋಟೆಯ ಕನ್ನಡ.

ಏಪ್ರಿಲ್‌ನಲ್ಲೇ, ಅವರು ಊರಿಗೆ ಹೊರಡುವ ಮೊದಲು, ಎಸ್‌ಎಟಿಎಸ್ ಸಂಖ್ಯೆ, ನನ್ನ ಫೋನ್ ನಂಬರ್ ಎರಡೂ ಇರುವ ಚೀಟಿಯನ್ನು ತಾಯಂದಿರ ಕೈಗೆ ಕೊಡುತ್ತೇನೆ. ಕಳೆದ ಸಲ ಅರ್ಧಕ್ಕರ್ಧ ಜನ ಜುಲೈ ಕೊನೆಗೇ ಫೋನು ಮಾಡಿದ್ದರು. ಒಂದರಿಂದ ಐದರವರೆಗಿನ ಶಾಲೆಯಲ್ಲಿ ಮಕ್ಕಳು 60 ದಾಟಿದರೆ ಆರ್‌ಟಿಇ ಪ್ರಕಾರ ಮೂರನೇ ಶಿಕ್ಷಕರು ಸಿಗಬೇಕು. ಅರ್ಜಿ ಕೊಟ್ಟು ಬಂದಿದ್ದೇನೆ.