ಜಿಂಕೆಯ ಕಣ್ಣಿಗೆ ನಿಮ್ಮ ಮರೆಗುಡಾರ ಹೇಗೆ ಕಾಣುತ್ತದೆ?

ಐವತ್ತು ಹೆಜ್ಜೆ ದೂರದಲ್ಲಿ ಹೆಣ್ಣುಜಿಂಕೆ ತಟ್ಟನೆ ನಿಂತಿದೆ. ಎರಡೂ ಕಿವಿ ಗುಡಾರದ ಕಡೆಗೆ. ಕತ್ತನ್ನು ಮೇಲೆ ಕೆಳಗೆ ಆಡಿಸಿ ನೋಡುತ್ತದೆ, ಮುಂಗಾಲೆತ್ತಿ ನೆಲಕ್ಕೊಂದು ಗುದ್ದು ಕೊಡುತ್ತದೆ. ಆಮೇಲೆ ಏನೂ ಆಗಿಲ್ಲವೆಂಬಂತೆ ಮೇಯಲು ತಲೆ ತಗ್ಗಿಸುತ್ತದೆ. ಹುಲ್ಲಿಗೆ ಬಾಯಿ ತಾಗುವ ಮೊದಲೇ ಸರಕ್ಕನೆ ತಲೆ ಎತ್ತುತ್ತದೆ. ಆ ಗಳಿಗೆಯಲ್ಲಿ ಒಳಗಿದ್ದವರ ಕೈ ಒಂಚೂರು ಅಲ್ಲಾಡಿದರೂ ಮೂಗಿನಿಂದ ಬುಸ್ಸೆಂಬ ಸದ್ದು, ನೆಟ್ಟಗಾದ ಬಾಲದ ಬಿಳಿ, ಅಷ್ಟೇ. ಕಾದದ್ದೆಲ್ಲ ನೀರಿನಲ್ಲಿ ಹೋಮ.

ನೆಲದ ಮೇಲೆ ನಿಲ್ಲಿಸುವ ಈ ಮಡಿಚುವ ಗುಡಾರಕ್ಕೆ ಬ್ಲೈಂಡ್ ಎನ್ನುತ್ತಾರೆ, ಹೈಡ್ ಎಂದೂ ಕರೆಯುತ್ತಾರೆ. ಫೋಟೊ ತೆಗೆಯುವವರೂ ಕಾನೂನಿನ ಅನುಮತಿ ಇರುವ ಕಡೆ ಬೇಟೆಗಾರರೂ ಬಳಸುವುದು ಇದನ್ನೇ. ಕೊಳ್ಳುವಾಗ ಎಲ್ಲರೂ ನೋಡುವುದು ಬಟ್ಟೆಯ ಮೇಲಿನ ಎಲೆ-ಕೊಂಬೆಯ ಚಿತ್ತಾರವನ್ನು. ನನ್ನ ಮಟ್ಟಿಗೆ ಅದು ಕೊನೆಗೆ ನೋಡಬೇಕಾದ ಸಂಗತಿ.

ಮೊದಲು ಬಣ್ಣದ ಭ್ರಮೆ ಬಿಡಿ

ಬಣ್ಣ ಗುರುತಿಸುವ ಶಂಕುಕೋಶಗಳು ನಮ್ಮ ಕಣ್ಣಲ್ಲಿ ಮೂರು ಬಗೆ, ಜಿಂಕೆಯ ಕಣ್ಣಲ್ಲಿ ಎರಡೇ ಬಗೆ. ಬಿಳಿಬಾಲದ ಜಿಂಕೆ ಮತ್ತು ಫ್ಯಾಲೊ ಜಿಂಕೆಗಳ ಕಣ್ಣಿನ ಸ್ಪಂದನೆಯನ್ನು ಅಳೆದು 1994ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಖಚಿತಪಡಿಸಿತು. ಒಂದು ಬಗೆಯ ಕೋಶ ಸುಮಾರು 450–460 ನ್ಯಾನೊಮೀಟರ್ ತರಂಗಾಂತರದ ನೀಲಿಗೆ, ಇನ್ನೊಂದು ಸುಮಾರು 540ರ ಹಸಿರಿಗೆ ಚುರುಕು. ಕೆಂಪನ್ನು ಹಿಡಿಯುವ ಮೂರನೆಯದು ಇಲ್ಲ. ಹೀಗಾಗಿ, ಬೇಟೆಗಾರರು ಒಬ್ಬರಿಗೊಬ್ಬರು ಕಾಣಲೆಂದು ಅಮೆರಿಕದ ಹಲವು ರಾಜ್ಯಗಳು ಕಡ್ಡಾಯ ಮಾಡಿರುವ ಉರಿಯುವ ಕಿತ್ತಳೆ ಬಣ್ಣ ಜಿಂಕೆಗೆ ಮಂಕಾಗಿಯೇ ಕಾಣುತ್ತದೆ. ಗುಡಾರದ ಮೇಲೆ ಕಿತ್ತಳೆ ಪಟ್ಟಿ ಕಟ್ಟಲು ನಿಯಮ ಹೇಳಿದರೆ ಧಾರಾಳವಾಗಿ ಕಟ್ಟಿ.

ಅಪಾಯ ಇರುವುದು ನೀಲಿಯಲ್ಲಿ. ನಮ್ಮ ಕಣ್ಣಿನ ಮಸೂರ ನೇರಳಾತೀತ ಬೆಳಕನ್ನು ಬಹುಪಾಲು ತಡೆಯುತ್ತದೆ. ಜಿಂಕೆಯ ಮಸೂರ ಅಷ್ಟು ತಡೆಯುವುದಿಲ್ಲ. ಬಟ್ಟೆಗೆ ‘ಹೊಳಪು’ ಕೊಡುವ ಸೋಪಿನ ಪುಡಿಯಲ್ಲಿರುವ ರಾಸಾಯನಿಕ ಆ ಕಾಣದ ಬೆಳಕನ್ನು ಹೀರಿ ನೀಲಿಯಾಗಿ ಹೊರಹಾಕುತ್ತದೆ. ಜಾವದ ಮಬ್ಬಿನಲ್ಲಿ ಅಂಥ ಅಂಗಿ ನಮಗೆ ಬೂದುಬಣ್ಣ, ಜಿಂಕೆಗೆ ಎದ್ದು ಕಾಣುವ ಬಿಳುಪು. ಆದ್ದರಿಂದ ಗುಡಾರವನ್ನಾಗಲಿ ಹಾಕಿಕೊಳ್ಳುವ ಬಟ್ಟೆಯನ್ನಾಗಲಿ ಆ ಪುಡಿಯಲ್ಲಿ ತೊಳೆಯಬೇಡಿ. ಜೀನ್ಸ್ ಪ್ಯಾಂಟ್ ಮನೆಯಲ್ಲೇ ಇರಲಿ.

ಜಿಂಕೆಯ ಪಾಪೆ ಅಡ್ಡಗೆರೆಯಂತಿದೆ, ಕಣ್ಣುಗಳು ತಲೆಯ ಎರಡು ಬದಿಗಿವೆ. ಬೆನ್ನ ಹಿಂದಿನ ಸ್ವಲ್ಪ ಜಾಗ ಬಿಟ್ಟರೆ ಸುತ್ತಲೂ ಕಾಣುತ್ತದೆ. ಕಣ್ಣಿನ ಹಿಂಬದಿಯ ಕನ್ನಡಿಯಂಥ ಪದರ ಸಿಕ್ಕ ಬೆಳಕನ್ನು ಮತ್ತೊಮ್ಮೆ ಬಳಸಿಕೊಡುತ್ತದೆ. ರಾತ್ರಿ ವಾಹನದ ದೀಪಕ್ಕೆ ಕಣ್ಣು ಮಿನುಗುವುದು ಅದರಿಂದಲೇ. ಸೂಕ್ಷ್ಮ ವಿವರ ಮಾತ್ರ ನಮ್ಮಷ್ಟು ಕಾಣುವುದಿಲ್ಲ. ನೀವು ದುಡ್ಡು ಸುರಿದ ಎಲೆಯ ನರಗಳು ದೂರದಿಂದ ಅದಕ್ಕೆ ಒಂದೇ ಮುದ್ದೆ. ಅದಕ್ಕೆ ಕಾಣುವುದು ಚಲನೆ, ಹೊಳಪು, ಅಂಚು, ಮತ್ತು ಕಪ್ಪು ಚೌಕ.

ಕಪ್ಪು ಚೌಕವನ್ನು ಒಡೆಯಿರಿ

ಗುಡಾರದ ಕಿಟಕಿ ತೆರೆದ ಕೂಡಲೇ ಹಸಿರಿನ ನಡುವೆ ಮೂಲೆ ತಿದ್ದಿದ ಕಪ್ಪು ರಂಧ್ರವೊಂದು ಹುಟ್ಟುತ್ತದೆ. ಕಾಡಿನಲ್ಲಿ ಇಷ್ಟು ನೇರ ಗೆರೆಗಳು ಎಲ್ಲೂ ಇಲ್ಲ. ಬೇಕಾದ ಒಂದೇ ಕಿಟಕಿಯನ್ನು, ಬೇಕಾದಷ್ಟೇ ತೆರೆಯಿರಿ. ಅಂಚಿಗೆ ಅಡ್ಡಾದಿಡ್ಡಿ ಕೊಂಬೆ ಕಟ್ಟಿ. ಜಾಲರಿ ಪರದೆ ಇದ್ದರೆ ಇಳಿಬಿಡಿ.

ಇನ್ನೂ ದೊಡ್ಡ ತಪ್ಪು ಎದುರುಬದುರಿನ ಎರಡು ಕಿಟಕಿ ತೆರೆಯುವುದು. ಹಿಂದಿನಿಂದ ಬೆಳಕು ಬಂದರೆ ನೀವು ತೊಗಲುಗೊಂಬೆಯಾಟದ ಗೊಂಬೆಯಾಗುತ್ತೀರಿ. ಬೆರಳಾಡಿಸಿದ್ದೂ ಹೊರಗೆ ನೆರಳಾಗಿ ಕಾಣುತ್ತದೆ. ಹಿಂದಿನದನ್ನು ಮುಚ್ಚಿ, ಹಿಂಗೋಡೆಗೆ ಒತ್ತಿಕೊಂಡು ಕೂರಿ. ಗುಡಾರದ ಒಳಮೈ ಕಪ್ಪಾದ್ದರಿಂದ ಒಳಗೆ ಎಲೆಚಿತ್ತಾರದ ಅಂಗಿಗಿಂತ ಕಪ್ಪು ಅಂಗಿಯೇ ಲೇಸು. ಮುಖಕ್ಕೂ ಕೈಗೂ ಕಪ್ಪು ಮುಸುಕು. ಬೆಳಗಿನ, ಸಂಜೆಯ ಬಿಸಿಲು ನೇರ ಕಿಟಕಿಯೊಳಗೆ ಬೀಳುವ ದಿಕ್ಕಿಗೆ ಗುಡಾರದ ಮುಖ ಮಾಡಬೇಡಿ. ಕತ್ತಲೇ ನಿಮ್ಮ ಮರೆ, ಬಟ್ಟೆಯಲ್ಲ.

ಹೊಸತನ ಕಳೆಯಲು ಬಿಡಿ

ಜಿಂಕೆ ದಿನವೂ ಓಡಾಡುವ ಜಾಗವನ್ನು ಬಲ್ಲದು. ನಿನ್ನೆ ಇಲ್ಲದ ಗುಡ್ಡೆ ಇವತ್ತಿದ್ದರೆ ಅದು ಏನೆಂದು ತಿಳಿಯದಿದ್ದರೂ ಹೊಸದೆಂದು ತಿಳಿಯುತ್ತದೆ. ಹೊಲದಂಚಿನಲ್ಲಿ ಹುಲ್ಲಿನ ಪಿಂಡಿಗಳನ್ನೂ ಟ್ರ್ಯಾಕ್ಟರನ್ನೂ ಕಂಡು ಬೆಳೆದ ಜಿಂಕೆ ಬೇಗ ಒಗ್ಗೀತು. ಒಳಕಾಡಿನದು ವಾರಗಟ್ಟಲೆ ಸುತ್ತು ಹಾಕಿ ಹೋದೀತು. ಸಾಧ್ಯವಾದರೆ ಕೆಲವು ವಾರ ಮೊದಲೇ ನಿಲ್ಲಿಸಿ. ಅದಕ್ಕೂ ಮುಂಚೆ ಕೆಲವು ದಿನ ಬಯಲಲ್ಲಿ ಹರವಿ ಹೊಸ ಬಟ್ಟೆಯ ಕಾರ್ಖಾನೆ ವಾಸನೆ ಹೋಗಲು ಬಿಡಿ.

ನಡುಬಯಲು ಬೇಡ. ಹಿಂದೆ ದಟ್ಟ ಪೊದೆಯೋ ದಪ್ಪ ಮರವೋ ಇರಲಿ, ಸಂಜೆ ಆಕಾಶದ ಎದುರು ಗುಡಾರದ ತಲೆ ಮೂಡಬಾರದು. ಅದೇ ಜಾಗದ ಕೊಂಬೆಗಳನ್ನು ಬಟ್ಟೆಯ ಕುಣಿಕೆಗಳಿಗೆ ಸಿಕ್ಕಿಸಿ. ಚಾವಣಿಯ ಗೆರೆ, ನಾಲ್ಕು ಮೂಲೆ ಮುಚ್ಚಿದರೆ ಮುಕ್ಕಾಲು ಕೆಲಸ ಆಯಿತು. ಕೊಂಬೆಗಳು ಒಣಗಿ ಬಣ್ಣಗೆಟ್ಟಾಗ ಬದಲಿಸಲು ಮರೆಯಬೇಡಿ. ಹಗ್ಗ ಬಿಗಿಯಾಗಿರಲಿ, ಪಟಪಟ ಬಡಿಯುವ ಬಟ್ಟೆಗೆ ಯಾವ ಜಿಂಕೆಯೂ ಒಗ್ಗುವುದಿಲ್ಲ.

ಗಾಳಿ ನೋಡಿ, ಆಮೇಲೆ ಜಾಗ ಆರಿಸಿ

ಕಣ್ಣಿಗೆ ಅನುಮಾನ ಬಂದರೆ ಜಿಂಕೆ ನಿಂತು ನೋಡುತ್ತದೆ. ಮೂಗಿಗೆ ಮನುಷ್ಯರ ವಾಸನೆ ತಗುಲಿದರೆ ನಿಲ್ಲುವುದಿಲ್ಲ. ಗಾಳಿ ಅದರ ದಾರಿಯಿಂದ ನಿಮ್ಮ ಮುಖಕ್ಕೆ ಬೀಸಬೇಕು. ಚಿಟಿಕೆ ಬೂದಿ ಹಾರಿಸಿ ನೋಡಿದರೆ ಗೊತ್ತಾಗುತ್ತದೆ. ಇಳಿಜಾರಿನಲ್ಲಿ ಇನ್ನೊಂದು ಆಟವಿದೆ: ಬಿಸಿಲೇರಿ ನೆಲ ಕಾದಂತೆ ಗಾಳಿ ಗುಡ್ಡ ಹತ್ತುತ್ತದೆ, ಸಂಜೆ ತಣಿದಂತೆ ಕಣಿವೆಗಿಳಿಯುತ್ತದೆ. ಬೆಳಿಗ್ಗೆ ಸರಿಯಿದ್ದ ಜಾಗ ಸಂಜೆಗೆ ಕೈಕೊಡುವುದು ಇದರಿಂದ. ಗುಡಾರ ಮುಚ್ಚಿದ್ದರೆ ವಾಸನೆ ಹೊರಹೋಗದು ಎಂಬುದನ್ನು ನಂಬಬೇಡಿ. ಅಂದಹಾಗೆ, ಆ ಗೊರಸಿನ ಗುದ್ದೂ ಬರಿ ಸದ್ದಲ್ಲ. ಗೊರಸಿನ ಸೀಳಿನ ನಡುವೆ ಒಂದು ವಾಸನೆಯ ಗ್ರಂಥಿಯಿದೆ. ಕಾಲಿಟ್ಟಲ್ಲೆಲ್ಲ ಅದರ ವಾಸನೆ ನೆಲಕ್ಕಂಟುತ್ತದೆ.

ಸದ್ದು

ಕೂರುವ ಮೊದಲು ಒಳಗಿನ ತರಗೆಲೆ, ಕಡ್ಡಿ ಪೂರ್ತಿ ಗುಡಿಸಿ ಬರಿ ಮಣ್ಣು ಮಾಡಿ. ಕಿರುಗುಟ್ಟುವ ಕುರ್ಚಿಗೆ ಎಣ್ಣೆ. ಜಿಪ್, ವೆಲ್ಕ್ರೊ ಎಳೆಯುವುದೆಲ್ಲ ಜಿಂಕೆ ಬರುವ ಮೊದಲೇ ಮುಗಿಯಲಿ. ಆ ಕಿವಿಗಳು ಒಂದೊಂದೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ, ನಮಗೆ ಕೇಳದಷ್ಟು ಕೀಚಲು ಸದ್ದನ್ನೂ ಹಿಡಿಯುತ್ತವೆ.

ಹೊರಬರುವಾಗ

ಒಳಗೆ ಹೋಗುವುದನ್ನು ಎಲ್ಲರೂ ಹುಷಾರಾಗಿ ಮಾಡುತ್ತಾರೆ, ಎಡವುವುದು ಹೊರಬರುವಾಗ. ಕತ್ತಲಾಯಿತೆಂದು ಎದ್ದು ಹೊರಟರೆ ಇನ್ನೂ ಮೇಯುತ್ತಿರುವ ಹಿಂಡಿಗೆ ಆ ಗುಡ್ಡೆಯೊಳಗಿಂದ ಮನುಷ್ಯ ಬಂದದ್ದು ಕಾಣುತ್ತದೆ. ವಾರಗಟ್ಟಲೆ ಒಗ್ಗಿಸಿದ್ದು ಒಂದು ಸಂಜೆಗೆ ಹಾಳು. ಅವು ತಾವಾಗಿ ಸರಿದುಹೋಗುವವರೆಗೆ ಕೂತಿರಿ. ಟಾರ್ಚ್ ಹಾಕಬೇಡಿ, ಜಿಪ್ ಮುಟ್ಟಬೇಡಿ.