ಲಕ್ವ ಹೊಡೆದವರಿಗೆ ಎಲೆಕ್ಟ್ರೋ ಅಕ್ಯುಪಂಕ್ಚರ್: ಯಾವಾಗ, ಹೇಗೆ ಮಾಡಿಸಬೇಕು

ಮುಖ ಸೊಟ್ಟಗಾಗಿ, ಒಂದು ಕೈ ಮೇಲೇಳದೆ, ಮಾತು ತೊದಲತೊಡಗಿದ ಹೊತ್ತಿನಲ್ಲಿ ಎಲೆಕ್ಟ್ರೋ ಅಕ್ಯುಪಂಕ್ಚರಿನ, ಅಂದರೆ ಚುಚ್ಚಿದ ಸೂಜಿಗಳ ಮೂಲಕ ಸಣ್ಣ ವಿದ್ಯುತ್ತು ಹರಿಸುವ ಚಿಕಿತ್ಸೆಯ, ಮಾತನ್ನೇ ಎತ್ತಬಾರದು. 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರವಾಗಿ ಹೋಗಬೇಕು. ರಕ್ತನಾಳ ಕಟ್ಟಿಕೊಂಡಿದೆಯೋ ಒಡೆದಿದೆಯೋ ಎಂಬುದನ್ನು ಸ್ಕ್ಯಾನ್ ನೋಡಿಯೇ ಹೇಳಬೇಕು, ಮತ್ತು ಕಟ್ಟಿಕೊಂಡಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೋಲಾರದ ಕಡೆ ಇಂದಿಗೂ ಲಕ್ವ ಎಂದ ಕೂಡಲೇ ಗಡಿಯಾಚೆಯ ನಾಟಿ ಮದ್ದಿಗೆ ಕರೆದೊಯ್ಯುವವರಿದ್ದಾರೆ. ಮುಳಬಾಗಿಲಿನ ನಮ್ಮ ದೊಡ್ಡಪ್ಪನವರನ್ನೂ ಹಾಗೆಯೇ ಕರೆದೊಯ್ದು, ಬೆಂಗಳೂರು ತಲುಪುವಷ್ಟರಲ್ಲಿ ಚುಚ್ಚುಮದ್ದಿನ ಹೊತ್ತು ಮೀರಿತ್ತು.

ಎಲೆಕ್ಟ್ರೋ ಅಕ್ಯುಪಂಕ್ಚರ್ ಮಿದುಳನ್ನು ಕಾಪಾಡುತ್ತದೆ ಎಂಬ ಮಾತಿಗೆ ಆಧಾರ ಹೆಚ್ಚಾಗಿ ಇಲಿಗಳ ಮೇಲಿನ ಪ್ರಯೋಗಗಳು. ಇಲಿಯ ಮಿದುಳಿನ ಒಂದು ರಕ್ತನಾಳವನ್ನು ಸ್ವಲ್ಪ ಹೊತ್ತು ಕಟ್ಟಿ, ಅದಕ್ಕೆ ಮೊದಲೋ ಅನಂತರವೋ ನೆತ್ತಿಯ ‘ಬೈಹುಯ್’ ಎಂಬ ಅಕ್ಯುಪಂಕ್ಚರ್ ಬಿಂದುವಿಗೆ ಸೂಜಿಯ ಮೂಲಕ ಸಣ್ಣ ವಿದ್ಯುತ್ತು ಹರಿಸಿದಾಗ, ಸತ್ತ ಭಾಗ ಚಿಕ್ಕದಾಗಿರುವುದೂ ಉರಿಯೂತ ತಗ್ಗಿರುವುದೂ ಕಂಡುಬಂದಿದೆ. ಆದರೆ ಇಲಿಗೆ ಆಘಾತದ ಗಳಿಗೆಯನ್ನು ಸಂಶೋಧಕರೇ ಗೊತ್ತುಮಾಡಿರುತ್ತಾರೆ. ನಮ್ಮ ಮನೆಯ ಹಿರಿಯರಿಗೆ ಅದು ಯಾವ ದಿನ ಬರುವುದೆಂದು ಯಾರಿಗೂ ತಿಳಿಯದು. ಮನುಷ್ಯರಲ್ಲಿ ಅಂತಹ ರಕ್ಷಣೆ ಸಾಬೀತಾಗಿಲ್ಲ, ಚೇತರಿಕೆಯ ಕುರಿತ ಅಧ್ಯಯನಗಳೂ ಗಟ್ಟಿ ತೀರ್ಮಾನಕ್ಕೆ ಸಾಲುವಷ್ಟು ಉತ್ತಮ ಗುಣಮಟ್ಟದವಲ್ಲ. ಆದ್ದರಿಂದ ಇದನ್ನು ಫಿಸಿಯೋಥೆರಪಿಯ ಜೊತೆಗೆ ಮಾಡಿಸಬಹುದೇ ಹೊರತು ಅದರ ಬದಲಿಗಲ್ಲ.

ಮಾಡಿಸಲೇಬೇಕೆಂದಿದ್ದರೆ, ರೋಗಿಯ ಸ್ಥಿತಿ ನೆಲೆಗೊಂಡ ಮೇಲೆ, ನರರೋಗ ತಜ್ಞರ ಒಪ್ಪಿಗೆ ಪಡೆದು ಆರಂಭಿಸಬೇಕು. ಎದೆಯಲ್ಲಿ ಪೇಸ್‌ಮೇಕರ್ ಇರುವವರಿಗೆ ವಿದ್ಯುತ್ತು ಹರಿಸಬಾರದು; ಫಿಟ್ಸ್ ಬಂದಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಅದನ್ನು ಮೊದಲೇ ತಿಳಿಸಬೇಕು, ಮತ್ತು ಸೂಜಿ ಚುಚ್ಚಿಸಿಕೊಳ್ಳುವ ಸಲುವಾಗಿ ಆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಲೇಬಾರದು.

ಬರಿ ಹೊಟ್ಟೆಯಲ್ಲಿ ಹೋದರೆ ತಲೆ ಸುತ್ತಬಹುದು, ಆದ್ದರಿಂದ ಎರಡು ಇಡ್ಲಿಯನ್ನಾದರೂ ತಿನ್ನಿಸಿಕೊಂಡು ಹೋಗಬೇಕು. ಬಿಪಿ ನೋಡಿಸಿ, ಮಲಗಿಸಿಯೇ ಸೂಜಿ ಹಾಕಿಸಬೇಕು. ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಒಡೆಯಲಿ. ಮೊಣಕೈ ಮಡಿಕೆಯ ಹೊರತುದಿಯಲ್ಲಿ, ಮೊಣಕಾಲ ಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ ಸೂಜಿ ಇಳಿಸಿ, ಅವುಗಳಿಗೆ ವೈರಿನ ಕ್ಲಿಪ್ಪು ಸಿಕ್ಕಿಸಿ, ವಿದ್ಯುತ್ ಯಂತ್ರದ ತಿರುಪನ್ನು ಸೊನ್ನೆಯಿಂದ ಮೆಲ್ಲಗೆ ತಿರುಗಿಸುತ್ತಾರೆ. ಬೆರಳು ಸಣ್ಣಗೆ ಅದುರತೊಡಗಿದಾಗ ತಿರುಪು ತಿರುಗಿಸುವುದನ್ನು ಅಲ್ಲಿಗೆ ನಿಲ್ಲಿಸಬೇಕು. ಇಲ್ಲಿ ಒಂದು ಎಚ್ಚರ ಬಹಳ ಮುಖ್ಯ: ಸ್ಪರ್ಶ ಕಳೆದುಕೊಂಡ ಕೈಗೆ ವಿದ್ಯುತ್ತು ಹೆಚ್ಚಾದದ್ದು ತಿಳಿಯುವುದಿಲ್ಲ, ಮಾತು ಬಿದ್ದವರು ಸಾಕೆನ್ನಲಾರರು. ಹಾಗಾಗಿ ಸರಿಯಿರುವ ಕೈಯಿಂದ ಹಾಸಿಗೆ ತಟ್ಟಿದರೆ ನಿಲ್ಲಿಸಬೇಕೆಂದು ಮೊದಲೇ ಗೊತ್ತುಮಾಡಿಕೊಂಡು, ಮನೆಯವರೊಬ್ಬರು ಆ ಕೈಯ ಪಕ್ಕದಲ್ಲೇ ಕುಳಿತಿರಬೇಕು. ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಮುಗಿಯುತ್ತದೆ. ಹಾಕಿದಷ್ಟೇ ಸೂಜಿಗಳು ಹೊರಬಂದವೇ ಎಂದು ಎಣಿಸಿಕೊಳ್ಳಿ.

ಗುಣವಾಗುತ್ತಿದೆಯೇ ಎಂಬುದನ್ನು ಬಾಯಿಮಾತಿಗೆ ಬಿಡದೆ, ಪ್ರತಿ ಭಾನುವಾರ ಅಂಗಿಯ ಒಂದು ಗುಂಡಿ ಹಾಕಲು ಹಿಡಿಯುವ ಹೊತ್ತನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಹತ್ತು ಹನ್ನೆರಡು ಸಲ ಸೂಜಿ ಹಾಕಿಸಿದರೂ ಏನೂ ಬದಲಾಗದಿದ್ದರೆ, ಆ ಹಣವನ್ನು ಮನೆಗೇ ಬಂದು ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟರಿಗೆ ಕೊಡುವುದು ಲೇಸು.