ಮೊಟ್ಟೆಯ ಪೊರೆಯ ಮೇಲೆ ರಕ್ತನಾಳ ಬೆಳೆಸಿದ ನನ್ನ ಅನುಭವ

ಹೊಸ ರಕ್ತನಾಳಗಳನ್ನು ಚಿಗುರಿಸುವುದು ಅಷ್ಟೇನೂ ಕಷ್ಟವಲ್ಲ, ಚಿಗುರಿದವು ಸೋರದೆ ಉಳಿಯುವಂತೆ ಮಾಡುವುದೇ ನಿಜವಾದ ಕೆಲಸ ಎಂಬುದು ಕೋಳಿಮೊಟ್ಟೆಯ ಭ್ರೂಣದ ಹೊರಪೊರೆಯ ಮೇಲೆ ವಿಇಜಿಎಫ್ ಎಂಬ ಬೆಳವಣಿಗೆ ಪ್ರೋಟೀನನ್ನು ಬಳಸುತ್ತ ನನಗೆ ಮನದಟ್ಟಾದ ಸಂಗತಿ.

ಅಂಗಡಿಯ ಮೊಟ್ಟೆಗಳಲ್ಲಿ ಸಾಮಾನ್ಯವಾಗಿ ಭ್ರೂಣ ಬೆಳೆಯುವುದಿಲ್ಲವಾದ್ದರಿಂದ ಹ್ಯಾಚರಿಯಿಂದ ಫಲಿತ ಮೊಟ್ಟೆಗಳನ್ನು ತಂದು, 37.5 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೇವಾಂಶ ತಗ್ಗದಂತೆ ಕಾವಿಗೆ ಇಡುತ್ತೇನೆ. ಮೂರನೆಯ ದಿನ ಸಿರಿಂಜಿನಿಂದ 2–3 ಮಿಲಿಲೀಟರ್ ಲೋಳೆಯನ್ನು ಹೊರತೆಗೆದು, ಚಿಪ್ಪಿನಲ್ಲಿ ಕಿಂಡಿ ಕತ್ತರಿಸಿ, ಪಾರದರ್ಶಕ ಟೇಪಿನಿಂದ ಮುಚ್ಚುತ್ತೇನೆ. ಚಿಪ್ಪಿನ ಪುಡಿ ಒಳಗೆ ಬೀಳಲೇಬಾರದು. ಆ ಪುಡಿಯ ಕೆರಳಿಕೆಯೊಂದೇ ಹೊಸ ನಾಳಗಳನ್ನು ಹುಟ್ಟಿಸಿ, ಅದು ಪ್ರೋಟೀನಿನ ಪರಿಣಾಮವೆಂಬ ಭ್ರಮೆ ತರಬಲ್ಲದು. ಆದ್ದರಿಂದಲೇ ವಿಇಜಿಎಫ್ ಇಲ್ಲದ ಬರಿಯ ಬಫರ್ (ಅದನ್ನು ಕರಗಿಸುವ ಲವಣ ದ್ರಾವಣ) ಹೀರಿಸಿದ ಸ್ಪಂಜಿಟ್ಟ ಮೊಟ್ಟೆಗಳೊಡನೆ ಹೋಲಿಸದ ಯಾವ ಫಲಿತಾಂಶವನ್ನೂ ನಾನು ಒಪ್ಪುವುದಿಲ್ಲ.

ಎಂಟನೆಯ ದಿನ ಜೆಲಾಟಿನ್ ಸ್ಪಂಜಿನ ಸಣ್ಣ ತುಣುಕನ್ನು ಪೊರೆಯ ಮೇಲಿಟ್ಟು ವಿಇಜಿಎಫ್ ಹನಿಸುತ್ತೇನೆ. ನ್ಯಾನೊಗ್ರಾಂ ಲೆಕ್ಕದಲ್ಲಿ ಬಳಸುವ ಈ ಪ್ರೋಟೀನು ನಳಿಕೆಯ ಗೋಡೆಗೆ ಅಂಟಿಯೇ ನಷ್ಟವಾಗುವುದರಿಂದ ದ್ರಾವಣಕ್ಕೆ ಗೋಡೆಗೆ ತಾನೇ ಅಂಟಿಕೊಳ್ಳುವ ಆಲ್ಬುಮಿನ್ ಎಂಬ ಸಾಮಾನ್ಯ ಪ್ರೋಟೀನನ್ನು 0.1% ಬೆರೆಸಿರುತ್ತೇನೆ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸುವುದಿಲ್ಲ. ಹನ್ನೆರಡನೆಯ ದಿನದ ಹೊತ್ತಿಗೆ ನಾಳಗಳು ಗಾಲಿಯ ಅರಗಳಂತೆ ಸ್ಪಂಜಿನತ್ತ ಬಂದು ಸೇರಿರುತ್ತವೆ.

ಬಹಳ ಮಂದಿ ಇಲ್ಲಿಗೇ ನಿಂತು ನಾಳಗಳನ್ನು ಎಣಿಸಿ ಮುಗಿಸುತ್ತಾರೆ. ಎಣಿಕೆ ಸಾಲದು. 1983ರಲ್ಲಿ ಡೊನಾಲ್ಡ್ ಸೆಂಗರ್ ಮತ್ತು ಹೆರಾಲ್ಡ್ ಡ್ವೋರಾಕ್ ಅವರ ತಂಡ ಈ ಪ್ರೋಟೀನನ್ನು ಮೊದಲು ಗುರುತಿಸಿದ್ದೇ ನಾಳಗಳನ್ನು ಸೋರುವಂತೆ ಮಾಡುವ ಅಂಶವಾಗಿ. ಹೊಳೆಯುವ ಬಣ್ಣ ಕಟ್ಟಿದ ಡೆಕ್ಸ್‌ಟ್ರಾನ್ ಎಂಬ ದೊಡ್ಡ ಸಕ್ಕರೆ ಅಣುವನ್ನು ಪೊರೆಯ ನಾಳಕ್ಕೆ ಚುಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ವಿಇಜಿಎಫ್ ಒಂದನ್ನೇ ಕೊಟ್ಟ ಕಡೆ ಬಣ್ಣ ಸುತ್ತಲಿನ ಅಂಗಾಂಶಕ್ಕೆ ಹರಡುವುದು ಕಾಣುತ್ತದೆ. ಅದೇ ಸ್ಪಂಜಿಗೆ ಎರಡು ದಿನ ತಡವಾಗಿ ಪಿಡಿಜಿಎಫ್-ಬಿಬಿ ಎಂಬ ಇನ್ನೊಂದು ಬೆಳವಣಿಗೆ ಪ್ರೋಟೀನನ್ನು ಸೇರಿಸಿದಾಗ ಈ ಹರಡುವಿಕೆ ತಗ್ಗಿತು. ಆ ಪ್ರೋಟೀನು ನಾಳದ ಗೋಡೆಗೆ ಆಸರೆಯಾಗುವ ಪೆರಿಸೈಟ್ ಕೋಶಗಳನ್ನು ಕರೆತರುತ್ತದೆ. ಒಂದನ್ನು ಬೇಗ, ಇನ್ನೊಂದನ್ನು ನಿಧಾನವಾಗಿ ಬಿಡುವ ಪಾಲಿಮರ್ ಚೌಕಟ್ಟಿನಿಂದ ನಾಳಗಳು ಬಲಿಯುತ್ತವೆ ಎಂದು ಡೇವಿಡ್ ಮೂನಿ ಅವರ ತಂಡ 2001ರಲ್ಲೇ ಇಲಿಗಳಲ್ಲಿ ತೋರಿಸಿತ್ತು.

ರಕ್ತಕ್ಕೆ ನೇರವಾಗಿ ಸೇರಿಸಿದ ವಿಇಜಿಎಫ್ ಬಹುಬೇಗ ಇಲ್ಲವಾಗುತ್ತದೆ. 2003ರಲ್ಲಿ ಪ್ರಕಟವಾದ ವೀವಾ ಪರೀಕ್ಷೆಯಲ್ಲಿ ಹೃದ್ರೋಗಿಗಳಿಗೆ ಅದನ್ನು ಹಾಗೆ ಕೊಟ್ಟಾಗ, 60 ದಿನಗಳ ನಂತರ ಹುಸಿಮದ್ದಿಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಹಾಗಾಗಿ ಪ್ರಮಾಣವನ್ನು ಏರಿಸುವ ಬದಲು, ಪ್ರೋಟೀನನ್ನು ಆಲ್ಜಿನೇಟ್ (ಕಡಲಪಾಚಿಯಿಂದ ಸಿಗುವ ಜೆಲ್) ಮಣಿಗಳಲ್ಲಿ ಹಿಡಿದಿಟ್ಟು ಬೇಕಾದ ಜಾಗದಲ್ಲೇ ನಿಧಾನವಾಗಿ ಬಿಡುವ ವಿಧಾನದತ್ತ ಈಗ ನನ್ನ ಗಮನವನ್ನೆಲ್ಲ ಹರಿಸಿದ್ದೇನೆ.